ಚೀನದಲ್ಲಿ ಪಾಠ ಹೇಳಿದವರು

ಚೀನ ದೇಶ ನಮ್ಮ ನುಡಿಗೆ ಹೊಸದಲ್ಲ. ನಮ್ಮ ಹಳೆಯ ಕಾವ್ಯಗಳ ರಾಜಕುಮಾರಿಯರು ಉಟ್ಟದ್ದು ಚೀನಾಂಬರ. ಮಲೆನಾಡಿನ ಅಡುಗೆಮನೆಯಲ್ಲಿ ಸಿಹಿಗುಂಬಳಕ್ಕೆ ಇಂದಿಗೂ ಚೀನಿಕಾಯಿ ಎಂದೇ ಹೆಸರು. ಬೆಳಗಾಗೆದ್ದು ನಾವು ಕುಡಿಯುವ ಚಹಾ ಎಂಬ ಮಾತಿನ ಬೇರೂ ಅಲ್ಲಿಯದೇ. ಸರಕು ಬಂದಿತು, ಸರಕಿನ ಬೆನ್ನಿಗೆ ಹೆಸರೂ ಬಂದಿತು. ಮನುಷ್ಯರೂ ಬಂದರು. ಫಾಹಿಯಾನ್, ಹ್ಯೂಯೆನ್‌ತ್ಸಾಂಗ್ ಎಂಬ ಹೆಸರುಗಳನ್ನು ಬಾಯಿಪಾಠ ಮಾಡದೆ ನಮ್ಮಲ್ಲಿ ಯಾರೂ ಪ್ರೌಢಶಾಲೆ ದಾಟಿಲ್ಲ. ಇಮ್ಮಡಿ ಪುಲಕೇಶಿಯ ನಾಡನ್ನು ಕಂಡು ಬರೆದಿಟ್ಟವನೆಂದು ಹ್ಯೂಯೆನ್‌ತ್ಸಾಂಗನ ಮೇಲೆ ಕನ್ನಡಿಗರಿಗೆ ಒಂದು ವಿಶೇಷ ಅಭಿಮಾನವೂ ಉಂಟು.

ಆದರೆ ಇವರೆಲ್ಲ ಕಲಿಯಲು ಬಂದವರು. ಇಂದು ನಾನು ನೆನೆಯಬೇಕೆಂದಿರುವುದು ಕಲಿಸಲು ಹೋದವರನ್ನು. ಕಲಿಯಲು ಹೊರಟವನ ಪಯಣ ಒಂದು ಬಗೆ, ಕಲಿಸಲು ಹೊರಟವನ ಪಯಣ ಇನ್ನೊಂದು ಬಗೆ. ವಿದ್ಯಾರ್ಥಿಗೆ ಅಲ್ಲಿಯ ಭಾಷೆ ಬಾರದಿದ್ದರೆ ಅವಮಾನವಿಲ್ಲ. ಕಲಿಯಲೆಂದೇ ತಾನೆ ಅವನು ಬಂದಿರುವುದು? ಅಧ್ಯಾಪಕನ ಪಾಡು ಹಾಗಲ್ಲ. ತಿಳಿದವನೆಂದು ಜನ ಅವನನ್ನು ಕರೆಸಿಕೊಂಡಿರುತ್ತಾರೆ. ಎತ್ತರದ ಪೀಠದಲ್ಲಿ ಕೂರಿಸಿರುತ್ತಾರೆ. ಆ ಪೀಠದಿಂದ ಕೆಳಗಿಳಿದು ಬೀದಿಗೆ ಬಂದರೆ ಮಾತ್ರ ಅಲ್ಲಿಯ ಐದು ವರ್ಷದ ಮಗುವಿಗಿಂತ ಅವನ ನಾಲಗೆ ಅಸಹಾಯಕ. ಉಪ್ಪು ಎಲ್ಲಿ ಸಿಗುತ್ತದೆಂದು ಕೇಳಲೂ ಬಾರದವನು ನಿರ್ವಾಣವೆಂದರೇನು, ರೇಖಾಗಣಿತವೆಂದರೇನು ಎಂದು ಹೇಳಿಕೊಡಬೇಕು.

ಮಲೆನಾಡಿನ ನಾನು ಅಧ್ಯಾಪಕನಾಗಿ ಮೊದಲು ಹೋದದ್ದು ರಾಯಚೂರಿಗೆ. ಒಂದೇ ಕನ್ನಡ, ಒಂದೇ ಪಠ್ಯ. ಹಾಗಿದ್ದೂ ನನ್ನ ಮಾತಿನ ಧಾಟಿ ಹುಡುಗರಿಗೆ, ಅವರ ಧಾಟಿ ನನಗೆ ಒಗ್ಗುವುದಕ್ಕೆ ಒಂದು ಮಳೆಗಾಲವೂ ಒಂದು ಬೇಸಗೆಯೂ ಹಿಡಿದವು. ಒಂದೇ ಭಾಷೆಯ ಎರಡು ಮೂಲೆಗಳ ನಡುವೆಯೇ ಹೀಗಾದರೆ, ಸ್ವರದ ಏರಿಳಿತ ತಪ್ಪಿದರೆ ಅರ್ಥವೇ ಬದಲಾಗುವ ಚೀನೀ ಭಾಷೆಯ ನಡುವೆ ಬಾಳು ಕಟ್ಟಿಕೊಂಡವರ ಬಗೆಗೆ ಕುತೂಹಲ ಹುಟ್ಟುವುದು ಸಹಜವಲ್ಲವೆ?

ಅಂಥವರಲ್ಲಿ ಮೊದಲು ಹೇಳಬೇಕಾದ ಹೆಸರು ಕುಮಾರಜೀವನದು. ನಾಲ್ಕನೆಯ ಶತಮಾನದ ನಡುಭಾಗದಲ್ಲಿ, ಮಧ್ಯ ಏಷ್ಯದ ಕೂಚಾ ಎಂಬ ಮರುದ್ವೀಪದ ರಾಜ್ಯದಲ್ಲಿ ಅವನು ಹುಟ್ಟಿದ. ತಂದೆ ಕುಮಾರಾಯನ ಭಾರತದಿಂದ ಹೋದವನು. ತಾಯಿ ಜೀವಾ ಕೂಚಾದ ರಾಜವಂಶದವಳು. ಇಬ್ಬರ ಹೆಸರೂ ಕೂಡಿ ಮಗನ ಹೆಸರಾಯಿತು. ಬಾಲ್ಯದಲ್ಲೇ ತಾಯಿಯೊಡನೆ ಕಾಶ್ಮೀರಕ್ಕೆ ಬಂದು ಶಾಸ್ತ್ರಗಳನ್ನು ಓದಿದ. ಅವನ ಪಾಂಡಿತ್ಯದ ಕೀರ್ತಿ ಚೀನದ ವರೆಗೂ ಹಬ್ಬಿತು. ಆ ಕೀರ್ತಿಯೇ ಅವನಿಗೆ ಬಂಧನವನ್ನೂ ತಂದಿತು. 384ರಲ್ಲಿ ಲ್ಯೂ ಗ್ವಾಂಗ್ ಎಂಬ ಸೇನಾನಿ ಕೂಚಾವನ್ನು ಗೆದ್ದು ಪಂಡಿತನನ್ನು ಸೆರೆಹಿಡಿದ. ತನ್ನ ದೊರೆಯ ರಾಜ್ಯ ಉರುಳಿಬಿದ್ದ ಸುದ್ದಿ ಕೇಳಿ ಆ ಸೇನಾನಿ ದಾರಿಯಲ್ಲೇ ನಿಂತು, ಇಂದಿನ ಗಾನ್ಸು ಪ್ರಾಂತ್ಯದಲ್ಲಿ ತಾನೇ ಅರಸನಾದ. ಅವನಿಗೆ ಧರ್ಮಶಾಸ್ತ್ರದ ಗೊಡವೆ ಇರಲಿಲ್ಲ. ಹೀಗೆ ಕುಮಾರಜೀವ ಹದಿನೇಳು ವರ್ಷ ಆ ಗಡಿನಾಡಿನಲ್ಲಿ ಕಳೆಯಬೇಕಾಯಿತು.

ಲೋಕದ ಲೆಕ್ಕದಲ್ಲಿ ಅದು ವ್ಯರ್ಥಕಾಲ. ನಲವತ್ತರಿಂದ ಐವತ್ತೇಳರ ವರೆಗಿನ ವಯಸ್ಸು ಪಂಡಿತನ ಬದುಕಿನ ಫಲಕಾಲ. ಆದರೆ ಆ ಹದಿನೇಳು ವರ್ಷಗಳಲ್ಲಿ ಅವನು ಸಂಪಾದಿಸಿದ ಒಂದು ಸೊತ್ತು ಉಂಟು: ಚೀನೀ ಭಾಷೆ. ಅರಮನೆಯ ಗುರುವಾಗಿ ನೇರವಾಗಿ ಹೋಗಿದ್ದರೆ ದುಭಾಷಿಯೊಬ್ಬ ಸದಾ ಪಕ್ಕದಲ್ಲಿರುತ್ತಿದ್ದ. ಗುರುವಿನ ನಾಲಗೆ ಪಳಗುತ್ತಿರಲಿಲ್ಲ. ಸೈನಿಕರ, ವ್ಯಾಪಾರಿಗಳ, ಗಡಿನಾಡಿನ ಜನರ ನಡುವೆ ಬಾಳಿದ್ದರಿಂದ ಆ ಭಾಷೆ ಅವನಿಗೆ ದಕ್ಕಿತು. 401ರಲ್ಲಿ ಯಾವ್ ಶಿಂಗ್ ಎಂಬ ಅರಸು ಅವನನ್ನು ಚಾಂಗ್‌ಆನ್ ನಗರಕ್ಕೆ, ಎಂದರೆ ಇಂದಿನ ಶಿಆನ್‌ಗೆ, ಕರೆಸಿಕೊಂಡು ರಾಷ್ಟ್ರಗುರುವಿನ ಪದವಿ ಕೊಟ್ಟಾಗ ಕುಮಾರಜೀವ ಸಿದ್ಧನಾಗಿದ್ದ.

ಅವನ ಪಾಠದ ಕ್ರಮ ಅಧ್ಯಾಪಕರೆಲ್ಲರೂ ಗಮನಿಸತಕ್ಕದ್ದು. ನೂರಾರು ಭಿಕ್ಷುಗಳು ಸೇರಿದ ಸಭೆ. ಕುಮಾರಜೀವ ಮೂಲಗ್ರಂಥವನ್ನು ಕೈಯಲ್ಲಿ ಹಿಡಿದು, ಅದರ ಅರ್ಥವನ್ನು ಚೀನೀ ಭಾಷೆಯಲ್ಲಿ ಬಾಯಿಂದಲೇ ಹೇಳುತ್ತಿದ್ದ. ಹಳೆಯ ಅನುವಾದವನ್ನು ಕೈಯಲ್ಲಿ ಹಿಡಿದು ಸ್ವತಃ ಅರಸನೂ ಕುಳಿತಿರುತ್ತಿದ್ದನಂತೆ. ಶಿಷ್ಯರು ಪ್ರಶ್ನಿಸುವರು, ವಾದಿಸುವರು. ಒಪ್ಪಿಗೆಯಾದ ಮೇಲೆ ವಾಕ್ಯ ಬರಹಕ್ಕೆ ಇಳಿಯುವುದು. ಒಮ್ಮೆ ಸದ್ಧರ್ಮಪುಂಡರೀಕ ಸೂತ್ರದ ಪಾಠ ನಡೆದಿತ್ತು. ದೇವತೆಗಳೂ ಮನುಷ್ಯರೂ ಪರಸ್ಪರ ನೋಡುವ ಒಂದು ಸಂದರ್ಭ. ಹಳೆಯ ಅನುವಾದ ಅರ್ಥದಲ್ಲಿ ಸರಿಯಾಗಿದ್ದರೂ ಮಾತು ಒರಟಾಯಿತೆಂದು ಗುರುವಿಗೆ ಅನ್ನಿಸಿತು. ಸೆಂಗ್‌ರುಯ್ ಎಂಬ ಶಿಷ್ಯ ಕುಳಿತಲ್ಲಿಂದಲೇ ಮತ್ತೊಂದು ನುಡಿಗಟ್ಟನ್ನು ಸೂಚಿಸಿದ. ಗುರು ಹಿಗ್ಗಿ, ಇದೇ ಸರಿ ಎಂದು ಅದನ್ನೇ ಸ್ವೀಕರಿಸಿದ. ವಿದೇಶದಿಂದ ಬಂದ ಗುರು ಅರ್ಥವನ್ನು ಕೊಟ್ಟ. ನೆಲದ ಶಿಷ್ಯ ಮಾತನ್ನು ಕೊಟ್ಟ. 406ರಲ್ಲಿ ಮುಗಿದ ಆ ಅನುವಾದವನ್ನೇ ಚೀನದಲ್ಲಿಯೂ ಜಪಾನಿನಲ್ಲಿಯೂ ಇಂದಿಗೂ ಪಾರಾಯಣ ಮಾಡುತ್ತಾರೆ.

ಇಷ್ಟಾದರೂ ಅವನಿಗೆ ತೃಪ್ತಿ ಇರಲಿಲ್ಲವೆಂಬುದು ಸೋಜಿಗ. ಒಂದು ಭಾಷೆಯ ಪದ್ಯವನ್ನು ಇನ್ನೊಂದಕ್ಕೆ ತಿರುಗಿಸುವುದೆಂದರೆ ಅಗಿದ ಅನ್ನವನ್ನು ಮತ್ತೊಬ್ಬರಿಗೆ ಉಣ್ಣಿಸಿದಂತೆ ಎಂದು ಅವನು ಸೆಂಗ್‌ರುಯ್‌ಗೆ ಹೇಳಿದ್ದುಂಟು. ಸಂಸ್ಕೃತದ ಲಯ ಕಿವಿಯಲ್ಲಿ ತುಂಬಿದ್ದವನಿಗೆ ಆ ನಾದ ಅಲ್ಲಿ ಯಾರಿಗೂ ಕೇಳಿಸುವಂತಿಲ್ಲವೆಂಬ ಕೊರಗು. ಪರದೇಶದಲ್ಲಿ ಪಾಠ ಹೇಳುವವನ ಏಕಾಂತವೆಂದರೆ ಇದೇ ಇರಬೇಕು. ಸುತ್ತ ನೂರಾರು ಶಿಷ್ಯರು, ತಲೆಯ ಮೇಲೆ ರಾಜಗೌರವ. ಆದರೂ ತಾನು ಅತ್ಯಂತ ಪ್ರೀತಿಸುವ ಒಂದನ್ನು ಮಾತ್ರ ದಾಟಿಸಲಾಗದು. ಕುಮಾರಜೀವ ಊರಿಗೆ ಮರಳಲಿಲ್ಲ. ಚಾಂಗ್‌ಆನ್‌ನಲ್ಲೇ ತೀರಿಕೊಂಡ.

ಸಾವಿರ ವರ್ಷಗಳಿಗೂ ಮೀರಿದ ಅಂತರ ದಾಟಿ ಬಂದರೆ ಇಟಲಿಯ ಮತೇಯೊ ರಿಚ್ಚಿ ಎದುರಾಗುತ್ತಾನೆ. ಅವನು ಚೀನಕ್ಕೆ ಹೋದದ್ದು ನಮ್ಮ ನೆರೆಯ ಗೋವೆಯ ದಾರಿಯಾಗಿ. 1578ರಲ್ಲಿ ಗೋವೆಯಲ್ಲಿ ಇಳಿದು, 1580ರಲ್ಲಿ ಕೊಚ್ಚಿಯಲ್ಲಿ ಪಾದ್ರಿಯ ದೀಕ್ಷೆ ಪಡೆದು, 1582ರಲ್ಲಿ ಮಕಾವ್ ತಲುಪಿದ. ಮತಪ್ರಚಾರ ಅವನ ಉದ್ದೇಶ. ಆದರೆ ಚೀನೀಯರು ಅವನನ್ನು ಹೆಚ್ಚಾಗಿ ನೆನೆಯುವುದು ಗಣಿತ, ಭೂಗೋಳಗಳ ಉಪಾಧ್ಯಾಯನೆಂದು. ಅವನ ಕಥೆಯಲ್ಲಿ ಉಡುಪಿನ ಪ್ರಸಂಗ ಸ್ವಾರಸ್ಯವಾಗಿದೆ. ಧರ್ಮಗುರು ತಾನೆ ಎಂದುಕೊಂಡು ಮೊದಲಿಗೆ ತಲೆ ಬೋಳಿಸಿ ಬೌದ್ಧಭಿಕ್ಷುವಿನ ವೇಷ ತೊಟ್ಟ. ಆ ಸಮಾಜದಲ್ಲಿ ಮನ್ನಣೆ ಇದ್ದದ್ದು ಭಿಕ್ಷುಗಳಿಗಲ್ಲ, ಪರೀಕ್ಷೆಗಳನ್ನು ದಾಟಿ ಬಂದ ವಿದ್ವಾಂಸರಿಗೆ ಎಂದು ತಿಳಿಯಲು ಹತ್ತು ವರ್ಷಗಳಿಗೂ ಹೆಚ್ಚು ಬೇಕಾಯಿತು. 1595ರಲ್ಲಿ ಗಡ್ಡ, ಕೂದಲು ಬಿಟ್ಟು ವಿದ್ವಾಂಸನ ರೇಷ್ಮೆಯ ನಿಲುವಂಗಿ ತೊಟ್ಟ. ಅದೇ ವರ್ಷ ಸ್ನೇಹವನ್ನು ಕುರಿತು ಒಂದು ಪುಟ್ಟ ಪುಸ್ತಕವನ್ನು ಚೀನೀ ಭಾಷೆಯಲ್ಲೇ ಬರೆದ.

ವೇಷವನ್ನು ಒಂದು ದಿನದಲ್ಲಿ ಬದಲಿಸಬಹುದು. ಆ ವೇಷಕ್ಕೆ ತಕ್ಕ ವಿದ್ಯೆಯನ್ನು ಒಂದು ದಿನದಲ್ಲಿ ತರಲಾಗದು. ರಿಚ್ಚಿ ಕನ್ಫ್ಯೂಷಿಯಸ್ ಪರಂಪರೆಯ ಗ್ರಂಥಗಳನ್ನು ಅಲ್ಲಿಯ ಹುಡುಗರಂತೆಯೇ ಕೂತು ಓದಿದ. ಕಲಿಸಲು ಹೋದವನು ಮೊದಲು ಕಲಿತ. ಆಮೇಲೆ ಶು ಗ್ವಾಂಗ್‌ಚಿ ಎಂಬ ದೊಡ್ಡ ಅಧಿಕಾರಿಯೊಡನೆ ಕುಳಿತು ಯೂಕ್ಲಿಡನ ರೇಖಾಗಣಿತದ ಮೊದಲ ಆರು ಭಾಗಗಳನ್ನು ಅನುವಾದಿಸಿ 1607ರಲ್ಲಿ ಪ್ರಕಟಿಸಿದ. ಇಲ್ಲಿಯೂ ಹಳೆಯ ಕ್ರಮವೇ: ರಿಚ್ಚಿ ಅರ್ಥ ಹೇಳುವುದು, ಶು ಬರೆಯುವುದು. ಬಿಂದು, ರೇಖೆ, ಸಮಾನಾಂತರ ಎಂಬವಕ್ಕೆ ಅವರಿಬ್ಬರೂ ಬಳಕೆಗೆ ತಂದ ಮಾತುಗಳನ್ನೇ ಚೀನದ ಶಾಲೆಗಳ ಮಕ್ಕಳು ಇಂದಿಗೂ ಓದುತ್ತಾರೆ. 1610ರಲ್ಲಿ ರಿಚ್ಚಿ ಬೀಜಿಂಗ್‌ನಲ್ಲಿ ತೀರಿಕೊಂಡಾಗ ಚಕ್ರವರ್ತಿಯೇ ಸಮಾಧಿಗೆ ನೆಲ ಕೊಟ್ಟ.

ಇಪ್ಪತ್ತನೆಯ ಶತಮಾನದ ಇಂಗ್ಲಿಷ್ ವಿಮರ್ಶಕ ವಿಲಿಯಂ ಎಂಪ್ಸನ್ ಹೆಸರನ್ನು ಸಾಹಿತ್ಯದ ವಿದ್ಯಾರ್ಥಿಗಳು ಕೇಳಿಯೇ ಇರುತ್ತೀರಿ. ಕಾವ್ಯದಲ್ಲಿ ಒಂದು ಮಾತು ಹಲವು ಅರ್ಥಗಳನ್ನು ಹೊರುವ ಏಳು ಬಗೆಗಳನ್ನು ವಿವೇಚಿಸಿದವನು. ನಮ್ಮ ಧ್ವನಿಸಿದ್ಧಾಂತವನ್ನು ಓದಿದವರಿಗೆ ನೆರೆಹೊರೆಯವನೆಂದು ತೋರುವವನು. 1937ರಲ್ಲಿ ಅವನು ಬೀಜಿಂಗ್‌ನಲ್ಲಿ ಪಾಠ ಹೇಳಲು ಬಂದ ಹೊತ್ತಿಗೆ ಸರಿಯಾಗಿ ಜಪಾನಿನ ಸೈನ್ಯವೂ ಬಂದಿತು. ಅಲ್ಲಿಯ ವಿಶ್ವವಿದ್ಯಾಲಯಗಳು ಊರು ಬಿಟ್ಟು ದಕ್ಷಿಣಕ್ಕೆ ಸರಿದುವು. ಹೊಸದಾಗಿ ಬಂದ ಅಧ್ಯಾಪಕನೂ ಅವುಗಳ ಹಿಂದೆಯೇ ನಡೆದ. ನಾನ್‌ಯುವೆ ಎಂಬ ಬೆಟ್ಟದ ಮೇಲೆ ತರಗತಿಗಳು ನಡೆದುವು. ಅಲ್ಲಿ ಗ್ರಂಥಾಲಯವಿಲ್ಲ, ಪಠ್ಯಪುಸ್ತಕವಿಲ್ಲ. ಎಂಪ್ಸನ್ ತನ್ನ ನೆನಪಿನಲ್ಲಿದ್ದ ಇಂಗ್ಲಿಷ್ ಪದ್ಯಗಳನ್ನೇ ಬರೆದುಕೊಟ್ಟು ಪಾಠ ಮಾಡಿದ. ಷೇಕ್ಸ್‌ಪಿಯರನ ನಾಟಕವೊಂದನ್ನು ನೆನಪಿನಿಂದಲೇ ಬೆರಳಚ್ಚು ಮಾಡಿಕೊಟ್ಟನೆಂದು ಅವನ ವಿದ್ಯಾರ್ಥಿಗಳು ಹೇಳುತ್ತಿದ್ದರು. ಕುಮಾರವ್ಯಾಸನನ್ನು ಕಂಠಪಾಠದಿಂದ ಓದಿ ಅರ್ಥ ಹೇಳುತ್ತಿದ್ದ ಗಮಕಿಗಳ ನಾಡಿನವರಾದ ನಮಗೆ ಇದು ವಿಚಿತ್ರವೆನಿಸದು.

ಅಲ್ಲಿಂದ ಮುಂದೆ 1938ರಲ್ಲಿ ವಿಶ್ವವಿದ್ಯಾಲಯ ನೈಋತ್ಯದ ಯುನ್ನಾನ್ ಪ್ರಾಂತ್ಯಕ್ಕೆ, ಕುನ್‌ಮಿಂಗ್ ನಗರಕ್ಕೆ ಹೊರಟಿತು. ಸುಮಾರು ಮುನ್ನೂರು ಮಂದಿ ವಿದ್ಯಾರ್ಥಿಗಳು, ಕೆಲವರು ಅಧ್ಯಾಪಕರು ಸೇರಿ 68 ದಿನಗಳ ದಾರಿಯನ್ನು ಬಹುಮಟ್ಟಿಗೆ ಕಾಲ್ನಡಿಗೆಯಲ್ಲೇ ದಾಟಿದರು. ಕುನ್‌ಮಿಂಗಿನ ತರಗತಿಗಳಿಗೆ ಮಣ್ಣಿನ ಗೋಡೆ, ತಗಡಿನ ಸೂರು. ಮಳೆ ಬಿದ್ದರೆ ಮೇಷ್ಟರ ಮಾತು ಯಾರಿಗೂ ಕೇಳುತ್ತಿರಲಿಲ್ಲ. ಅರ್ಥಶಾಸ್ತ್ರದ ಅಧ್ಯಾಪಕರೊಬ್ಬರು ಒಂದು ದಿನ ಮಾತು ನಿಲ್ಲಿಸಿ, ಪಾಠ ಸಾಕು, ಮಳೆಯನ್ನು ಆಸ್ವಾದಿಸೋಣ ಎಂಬರ್ಥದ ಮಾತನ್ನು ಹಲಗೆಯ ಮೇಲೆ ಬರೆದರೆಂದು ಒಂದು ಕಥೆ ಉಂಟು. ಆ ತಗಡಿನ ಸೂರಿನ ಕೆಳಗೆ ಓದಿದ ಇಬ್ಬರು, ಯಾಂಗ್ ಮತ್ತು ಲೀ, 1957ರಲ್ಲಿ ಭೌತಶಾಸ್ತ್ರದ ನೊಬೆಲ್ ಪಾರಿತೋಷಕ ಪಡೆದರು. ಎಂಪ್ಸನ್ 1939ರಲ್ಲಿ ಊರಿಗೆ ಮರಳಿದರೂ ಮನಸ್ಸು ತಡೆಯಲಾರದೆ 1947ರಲ್ಲಿ ಮತ್ತೆ ಬೀಜಿಂಗ್‌ಗೆ ಬಂದು 1952ರ ವರೆಗೆ ಪಾಠ ಹೇಳಿದ.

ಇವರೆಲ್ಲರಿಗಿಂತ ನನ್ನ ಮನಸ್ಸಿಗೆ ಹತ್ತಿರವಾದವರು ಡಾಕ್ಟರ್ ದ್ವಾರಕಾನಾಥ ಕೋಟ್ನಿಸ್. ಶಿವಯೋಗಿ ಸಿದ್ಧರಾಮನ ಸೊನ್ನಲಿಗೆ, ಎಂದರೆ ಸೊಲ್ಲಾಪುರ, ಅವರ ಹುಟ್ಟೂರು. ನಮ್ಮ ವಿಜಯಪುರದ ನೆರೆಯದು. ಮರಾಠಿ, ಕನ್ನಡ, ತೆಲುಗು ಮೂರೂ ಕಿವಿಗೆ ಬೀಳುವ ಊರು. 1910ರಲ್ಲಿ ಹುಟ್ಟಿ, ಮುಂಬಯಿಯಲ್ಲಿ ವೈದ್ಯ ಓದಿದರು. ಯುದ್ಧದಲ್ಲಿ ನಲುಗಿದ ಚೀನಕ್ಕೆ ಭಾರತದ ರಾಷ್ಟ್ರೀಯ ಕಾಂಗ್ರೆಸ್ಸು 1938ರಲ್ಲಿ ಕಳುಹಿಸಿದ ಐವರು ವೈದ್ಯರಲ್ಲಿ ಒಬ್ಬರಾಗಿ ಹಡಗು ಹತ್ತಿದರು. ವಿ. ಶಾಂತಾರಾಂ 1946ರಲ್ಲಿ ತೆಗೆದ ಚಲನಚಿತ್ರದಿಂದ ಅವರ ಹೆಸರು ಭಾರತದಲ್ಲೆಲ್ಲ ಮನೆಮಾತಾಯಿತು. ಚಿತ್ರ ನೋಡಿದವರು ಶಸ್ತ್ರಚಿಕಿತ್ಸಕ ಕೋಟ್ನಿಸರನ್ನು ಬಲ್ಲರು. ಅಧ್ಯಾಪಕ ಕೋಟ್ನಿಸರನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ.

ಚೀನದಲ್ಲಿ ಇಳಿದ ಐವರಿಗೂ ಅಲ್ಲಿಯ ಹೆಸರು ಬಂದಿತು. ಪ್ರತಿ ಹೆಸರಿನ ಕೊನೆಗೂ ‘ಹ್ವಾ’ ಎಂಬ ಅಕ್ಷರ. ಹ್ವಾ ಎಂದರೆ ಚೀನ. ಕೋಟ್ನಿಸರು ‘ಕೆ ದಿಹ್ವಾ’ ಆದರು. ಅಲ್ಲಿದ್ದ ಮೊದಲ ಚಳಿಗಾಲದಲ್ಲೇ ತಂದೆ ತೀರಿಕೊಂಡ ಸುದ್ದಿ ಬಂದಿತು. ಹಿಂದಿರುಗಲು ಅದಕ್ಕಿಂತ ದೊಡ್ಡ ಕಾರಣ ಬೇಕಿರಲಿಲ್ಲ. ಯಾರೂ ತಪ್ಪೆಣಿಸುತ್ತಿರಲೂ ಇಲ್ಲ. ಅವರು ನಿಂತರು. ಜೊತೆಗಾರರಲ್ಲಿ ಮೂವರು ಒಬ್ಬೊಬ್ಬರಾಗಿ ಊರಿಗೆ ಮರಳಿದ ಮೇಲೂ ನಿಂತರು. 1941ರಲ್ಲಿ, ಕೆನಡದ ವೈದ್ಯ ನಾರ್ಮನ್ ಬೆಥೂನರ ಹೆಸರಿನ ಆಸ್ಪತ್ರೆಯ ನಿರ್ದೇಶಕರಾದರು. ಅದೇ ಹೆಸರಿನ ವೈದ್ಯಶಾಲೆಯಲ್ಲಿ ಶಸ್ತ್ರವೈದ್ಯದ ಪಾಠ ಹೇಳಿದರು.

ಆ ಶಾಲೆಯನ್ನು ನಾವು ಬಲ್ಲ ಕಾಲೇಜುಗಳಂತೆ ಊಹಿಸಬಾರದು. ಹೆಬೆ ಪ್ರಾಂತ್ಯದ ಗುಡ್ಡಗಾಡಿನ ಹಳ್ಳಿಗಳೇ ಅದರ ಆವರಣ. ಶತ್ರುಸೈನ್ಯ ಹತ್ತಿರ ಬಂದರೆ ಶಾಲೆಯೇ ಮೂಟೆ ಕಟ್ಟಿ ಹೊರಡಬೇಕು. ವಿದ್ಯಾರ್ಥಿಗಳು ರೈತರ ಮಕ್ಕಳು, ಇಂಗ್ಲಿಷ್ ಬಾರದು. ಆದ್ದರಿಂದ ಕೋಟ್ನಿಸರು ಚೀನೀ ಭಾಷೆಯಲ್ಲೇ ಪಾಠ ಹೇಳುವುದನ್ನು ಕಲಿತರು. ಪಠ್ಯಪುಸ್ತಕವಿರಲಿಲ್ಲ, ತಾವೇ ಬರೆಯತೊಡಗಿದರು. ಶಸ್ತ್ರವೈದ್ಯದ ಸಾಮಾನ್ಯ ತತ್ತ್ವಗಳ ಪುಸ್ತಕ ಮುಗಿಯಿತು. ದೇಹದ ಒಂದೊಂದು ಭಾಗದ ಚಿಕಿತ್ಸೆಯನ್ನು ವಿವರಿಸುವ ಎರಡನೆಯ ಪುಸ್ತಕ ಅರ್ಧದಲ್ಲಿತ್ತು. ಅದೇ ಶಾಲೆಯಲ್ಲಿ ಶುಶ್ರೂಷೆಯ ಪಾಠ ಹೇಳುತ್ತಿದ್ದ ಗ್ವೊ ಚಿಂಗ್‌ಲಾನ್ ಅವರನ್ನು 1941ರಲ್ಲಿ ಮದುವೆಯಾದರು. ಮುಂದಿನ ವರ್ಷದ ಆಗಸ್ಟಿನಲ್ಲಿ ಗಂಡುಮಗು ಹುಟ್ಟಿತು. ‘ಯಿನ್‌ಹ್ವಾ’ ಎಂದು ಹೆಸರಿಟ್ಟರು. ಯಿನ್ ಎಂದರೆ ಭಾರತ, ಹ್ವಾ ಎಂದರೆ ಚೀನ. ಕುಮಾರಾಯನ, ಜೀವಾ ಇಬ್ಬರ ಹೆಸರೂ ಕೂಡಿ ಮಗನ ಹೆಸರಾದ ಆ ಹಳೆಯ ಕಥೆ ನಿಮಗೆ ನೆನಪಾದೀತು.

1942ರ ಡಿಸೆಂಬರ್ 9ರಂದು ಕೋಟ್ನಿಸರು ಅಪಸ್ಮಾರದ ಸೆಳೆತಕ್ಕೆ ತುತ್ತಾಗಿ ತೀರಿಕೊಂಡರು. ಮೂವತ್ತೆರಡು ವರ್ಷ, ಮಗುವಿಗೆ ಮೂರೂವರೆ ತಿಂಗಳು, ಪುಸ್ತಕ ಅರ್ಧ. ಆ ಮಗುವೂ ಬೆಳೆದು, ವೈದ್ಯ ಓದುತ್ತಿದ್ದಾಗಲೇ 1967ರಲ್ಲಿ ತೀರಿಕೊಂಡಿತು. ತಾಯಿ ಗ್ವೊ ಚಿಂಗ್‌ಲಾನ್ 2012ರ ವರೆಗೆ ಬದುಕಿದ್ದರು. ಕೋಟ್ನಿಸರ ಸಮಾಧಿ ಶಿಜಿಯಾಝುವಾಂಗ್ ನಗರದಲ್ಲಿದೆ. 1962ರಲ್ಲಿ ಎರಡು ದೇಶಗಳ ನಡುವೆ ಯುದ್ಧವೇ ನಡೆಯಿತು; 2020ರಲ್ಲಿ ಗಾಲ್ವಾನ್ ಕಣಿವೆಯಲ್ಲಿ ಮತ್ತೆ ನೆತ್ತರು ಹರಿಯಿತು. ಆದರೂ ಆ ಸಮಾಧಿಗೆ ಅಲ್ಲಿಯ ಜನ ಹೂವಿಡುವುದು ನಿಂತಿಲ್ಲ. ರಾಜ್ಯಗಳ ಸ್ನೇಹ ಹವೆಯಂತೆ ಬದಲಾಗುತ್ತದೆ. ತಮ್ಮೂರಿನ ಹುಡುಗರಿಗೆ ಗಾಯ ಹೊಲಿಯುವುದನ್ನು ಕಲಿಸಿಕೊಟ್ಟವನನ್ನು ಆ ಹಳ್ಳಿಗಳು ಮರೆಯುವುದು ಅಷ್ಟು ಸುಲಭವಲ್ಲ.

ಇವೆಲ್ಲ ದೊಡ್ಡವರ ಮಾತಾಯಿತು, ಸಾಮಾನ್ಯರಿಗೆ ಇದರಿಂದೇನು ಎಂದು ನೀವು ಕೇಳಬಹುದು. ಬಿ.ಎ. ತರಗತಿಯಲ್ಲಿ ನನ್ನ ಬಳಿ ಕನ್ನಡ ಓದಿದ ಹುಡುಗನೊಬ್ಬ ಆಮೇಲೆ ಮೈಸೂರಿನಲ್ಲಿ ಯೋಗ ಕಲಿತು, 2017ರಲ್ಲಿ ಅದೇ ಯುನ್ನಾನ್ ಪ್ರಾಂತ್ಯಕ್ಕೆ ಯೋಗದ ಅಧ್ಯಾಪಕನಾಗಿ ಹೋದ. ಎರಡು ವರ್ಷ ಅಲ್ಲಿದ್ದು ಬಂದು ನನ್ನನ್ನು ಕಾಣಲು ಬಂದಾಗ ಅವನು ಹೇಳಿದ ಮಾತುಗಳಲ್ಲಿ ಈ ಹಳೆಯ ಕಥೆಗಳೆಲ್ಲ ಮತ್ತೆ ಕೇಳಿಸಿದುವು.

“ಸಾರ್, ನನಗೆ ಆಗ ಇಪ್ಪತ್ತಾರು ವರ್ಷ. ಅಜ್ಜಿಯಂಥವರೂ ನನ್ನನ್ನು ಲಾವ್‌ಶಿ ಎಂದು ಕರೆಯುತ್ತಿದ್ದರು” ಎಂದು ನಕ್ಕ. ಲಾವ್‌ಶಿ ಎಂದರೆ ಗುರು; ಅದರಲ್ಲಿನ ‘ಲಾವ್’ ಎಂಬುದಕ್ಕೆ ಮುದುಕನೆಂಬ ಅರ್ಥವೂ ಉಂಟು. ನಮ್ಮ ‘ಮೇಷ್ಟರು’ ಇದ್ದಂತೆ ವಯಸ್ಸು ನೋಡದೆ ಅಂಟಿಕೊಳ್ಳುವ ಗೌರವ ಅದು. ದಾರಿಯಲ್ಲಿ ಸಿಕ್ಕವರು ಅಲ್ಲಿಯೂ ಊಟವಾಯಿತೇ ಎಂದೇ ಕೇಳುತ್ತಾರಂತೆ. ಅದೊಂದು ಮಾತಿನಿಂದ ಅವನಿಗೆ ಅರ್ಧ ಊರು ಸಿಕ್ಕಂತಾಯಿತು. ಊಟದ್ದೇ ಕಷ್ಟ. ಸಸ್ಯಾಹಾರಕ್ಕೆ ಅಲ್ಲಿ ‘ಸು’ ಎನ್ನುತ್ತಾರೆ. ಸು ಉಣ್ಣುವವನು ಎಂದೊಡನೆ, ಬುದ್ಧನ ಭಕ್ತನೋ ಎಂದು ಕೇಳುತ್ತಿದ್ದರಂತೆ. ದೇವಾಲಯದ ಮಗ್ಗುಲಲ್ಲಿದ್ದ ಒಂದು ಸಸ್ಯಾಹಾರದ ಊಟದ ಮನೆ ಅವನನ್ನು ಸಾಕಿತು.

ಪಾಠದ ಮಾತಿಗೆ ಬಂದಾಗ ಅವನು ಗಂಭೀರನಾದ. ಉಸಿರು ಒಳಗೆಳೆದುಕೊಳ್ಳಿ ಎನ್ನುವುದಕ್ಕೆ ‘ಶಿ ಚಿ’, ಹೊರಬಿಡಿ ಎನ್ನುವುದಕ್ಕೆ ‘ಹು ಚಿ’ ಎಂದು ಕಲಿತಿದ್ದ. ಆ ‘ಚಿ’ ಎಂಬ ಮಾತು ಬರಿಯ ಉಸಿರಲ್ಲ. ಅವರ ವೈದ್ಯ, ವ್ಯಾಯಾಮ, ತತ್ತ್ವಶಾಸ್ತ್ರ ಎಲ್ಲದರಲ್ಲಿಯೂ ಎರಡು ಸಾವಿರ ವರ್ಷಗಳಿಂದ ಹರಿದುಬಂದ ಜೀವಶಕ್ತಿ. ಇವನು ಪ್ರಾಣವೆಂದು ಹೇಳಿದರೆ ಅವರು ಚಿ ಎಂದು ತಿಳಿಯುತ್ತಿದ್ದರು. ತರಗತಿಯಲ್ಲಿ ಯಾರೂ ಪ್ರಶ್ನೆ ಕೇಳುತ್ತಿರಲಿಲ್ಲ. ಮುಗಿದ ಮೇಲೆ ಒಬ್ಬೊಬ್ಬರಾಗಿ ಹತ್ತಿರ ಬಂದು, ನಿಮ್ಮ ಪ್ರಾಣವೂ ನಮ್ಮ ಚಿಯೂ ಒಂದೇ ಏನು ಎಂದು ಕೇಳುತ್ತಿದ್ದರು. “ಒಂದೇ ಅಂದರೂ ಸುಳ್ಳು ಸಾರ್, ಬೇರೆ ಅಂದರೂ ಸುಳ್ಳು. ಕೊನೆಗೆ, ನಿಮ್ಮ ಚಿ ಏನೆಂದು ನೀವು ನನಗೆ ಮೊದಲು ಹೇಳಿ ಎಂದೆ. ಅವತ್ತಿನಿಂದ ಪಾಠ ಶುರುವಾಯಿತು.”

ಈ ಮಾತನ್ನು ಕೇಳಿ ನನಗೆ ಆನಂದವಾಯಿತು. ಬೌದ್ಧಗ್ರಂಥಗಳ ಮೊದಲ ಅನುವಾದಕರು ನಿರ್ವಾಣಕ್ಕೆ ತಾವೋ ಪಂಥದ ‘ವೂವೇ’, ಎಂದರೆ ಕ್ರಿಯೆಯಿಲ್ಲದಿರುವಿಕೆ, ಎಂಬ ಮಾತನ್ನು ಬಳಸಿದ್ದರು. ಹಾಗೆ ನೆರೆಯವರ ಪಾತ್ರೆಯಲ್ಲಿ ನಮ್ಮ ಹಾಲನ್ನು ಎರೆದಾಗ ರುಚಿ ಎಷ್ಟು ಉಳಿಯಿತು, ಎಷ್ಟು ಬದಲಾಯಿತು ಎಂಬುದೇ ಕುಮಾರಜೀವನ ಸಭೆಯಲ್ಲಿ ನಡೆಯುತ್ತಿದ್ದ ಚರ್ಚೆ. ಈ ಹುಡುಗ ಕುಮಾರಜೀವನನ್ನು ಓದಿದವನಲ್ಲ. ಪರದೇಶದ ತರಗತಿಯೇ ಅವನನ್ನು ಆ ಪ್ರಶ್ನೆಯ ಮುಂದೆ ತಂದು ನಿಲ್ಲಿಸಿತು. ಅವನ ಶಾಲೆಯ ಹಲಗೆಯ ಮೇಲೆ ಯೋಗವೆಂಬುದಕ್ಕೆ ‘ಯೂಜ್ಯಾ’ ಎಂದು ಓದುವ ಎರಡು ಚೀನೀ ಅಕ್ಷರಗಳಿದ್ದುವು. ಹ್ಯೂಯೆನ್‌ತ್ಸಾಂಗ್ ಭಾರತದಿಂದ ಮರಳಿ, 648ರಲ್ಲಿ ಅನುವಾದಿಸಿ ಮುಗಿಸಿದ ಯೋಗಾಚಾರಭೂಮಿಶಾಸ್ತ್ರದ ಶಿರೋನಾಮೆಯಲ್ಲಿರುವುದೂ ಅವೇ ಎರಡು ಅಕ್ಷರಗಳು. ಅಂದು ನಮ್ಮಲ್ಲಿಗೆ ಕಲಿಯಲು ಬಂದವನು ಬಳಸಿದ ಮಾತಿನ ಕೆಳಗೆ ಇಂದು ನಮ್ಮವನೊಬ್ಬ ಕಲಿಸಲು ನಿಂತ.

2020ರಲ್ಲಿ ಮಹಾಮಾರಿ ಬಂದು ಎರಡು ದೇಶಗಳ ನಡುವಣ ನೇರ ವಿಮಾನಗಳು ನಿಂತುವು; ಮತ್ತೆ ಹಾರಿದ್ದು 2025ರ ಅಕ್ಟೋಬರಿನಲ್ಲಿ. ಈಗ ಆ ಹುಡುಗ ಮತ್ತೆ ಹೋಗುವ ಯೋಚನೆಯಲ್ಲಿದ್ದಾನೆ. ಮನೆಯಲ್ಲಿ ವಯಸ್ಸಾದ ತಾಯಿ ಇದ್ದಾರೆ. ಹೋಗಲೋ ಬೇಡವೋ ಎಂದು ನನ್ನನ್ನು ಕೇಳಿದ. ಹೋಗು ಎಂದು ಹೇಳುವುದು ಸುಲಭ. ತಾಯಿಯನ್ನು ನೋಡಿಕೊಳ್ಳುವವನು ನಾನಲ್ಲ. ಪರದೇಶದ ಪಾಠಕ್ಕೆ ಯಾರೋ ಒಬ್ಬರು ಊರಿನಲ್ಲಿ ಬೆಲೆ ತೆರುತ್ತಲೇ ಇರುತ್ತಾರೆ. ಚೀನದಲ್ಲಿ ಕೋಟ್ನಿಸರ ಪ್ರತಿಮೆಯಿದೆ. ಸೊಲ್ಲಾಪುರದ ಮನೆಯಲ್ಲಿ ಕಾದವರಿಗೆ ಪ್ರತಿಮೆಯಿಲ್ಲ. ಆದ್ದರಿಂದ ಆ ನಿರ್ಧಾರವನ್ನು ತಾಯಿಮಗನಿಗೇ ಬಿಟ್ಟೆ.

ಒಂದು ಮಾತನ್ನು ಮಾತ್ರ ಅವನಿಗೆ ಹೇಳಿದೆ. ಅದನ್ನೇ ನಿಮ್ಮ ಮುಂದೆಯೂ ಇಟ್ಟು ಮುಗಿಸುತ್ತೇನೆ. ಚೀನದಲ್ಲಿ ನೆಲೆನಿಂತ ಗುರುಗಳು ಯಾರೂ ತಾವು ತಂದದ್ದನ್ನು ಒಬ್ಬರೇ ಕೊಟ್ಟವರಲ್ಲ. ಕುಮಾರಜೀವನಿಗೆ ಸೆಂಗ್‌ರುಯ್ ಬೇಕಾಯಿತು, ರಿಚ್ಚಿಗೆ ಶು ಬೇಕಾಯಿತು, ಕೋಟ್ನಿಸರಿಗೆ ರೈತರ ಮಕ್ಕಳ ಮಾತು ಬೇಕಾಯಿತು. ಹೊಸ ನೆಲದಲ್ಲಿ ಮನೆ ಸಿಗುವುದು, ಅನ್ನ ಸಿಗುವುದು, ಸಂಬಳ ಸಿಗುವುದು ಮೊದಲ ಕೆಲವು ತಿಂಗಳ ಮಾತು. ತಾನು ಹುಡುಕುತ್ತಿದ್ದ ಮಾತನ್ನು ಎದುರಿಗೆ ಕುಳಿತ ಶಿಷ್ಯನೇ ಎತ್ತಿಕೊಟ್ಟು, ಅದೇ ಸರಿ ಎಂದು ಗುರು ಒಪ್ಪಿಕೊಂಡ ದಿನ ಅವನು ಆ ಊರಿನವನಾಗುತ್ತಾನೆ.